ವಿಲ್ಬರ್‌ಫೋರ್ಸನು ಆಲೋಚನೆ ಕೇಳಿದ್ದು

ಇಂಗ್ಲೆಂಡ್ ದೇಶದ ವಿಲಿಯಂ ವಿಲ್ಬರ್‌ಫೋರ್ಸನು 1759ರಲ್ಲಿ ಹುಟ್ಟಿ, ಇಪ್ಪತ್ತೊಂದನೆಯ ಪ್ರಾಯದಲ್ಲಿಯೇ ಪಾರ್ಲಿಮೆಂಟ್ ಸಭೆಯ ಸದಸ್ಯನಾದನು. 1785ರಲ್ಲಿ ಆತನ ಹೃದಯವು ದೇವರ ಕಡೆಗೆ ತಿರುಗಿದಾಗ, ರಾಜ್ಯಕಾರ್ಯವನ್ನು ಬಿಟ್ಟುಬಿಡಬೇಕೋ ಎಂಬ ಸಂಶಯವು ಆತನನ್ನು ಬಾಧಿಸಿತು. ಸಮಪ್ರಾಯದ ಸ್ನೇಹಿತನೂ ಪ್ರಧಾನ ಮಂತ್ರಿಯೂ ಆಗಿದ್ದ ಪಿಟ್ಟನು, ಲೋಕವ್ಯವಹಾರದಿಂದ ದೂರವಾಗಬಾರದೆಂದು ಪ್ರೀತಿಯಿಂದ ಹೇಳಿದನು. ಆ ಮಾತಿನಲ್ಲಿ ಸ್ನೇಹವಿದ್ದರೂ ಆತ್ಮದ ಸಂಕಟಕ್ಕೆ ಅದು ಸಾಲಲಿಲ್ಲ.

ಆದಕಾರಣ ಆ ವರುಷದ ಡಿಸೆಂಬರಿನಲ್ಲಿ ಆತನು ಲಂಡನಿನ ಸಭಾಪಾಲಕನಾದ ಜಾನ್ ನ್ಯೂಟನನನ್ನು ಕಾಣಹೋದನು; ಅಂಜಿಕೆಯಿಂದ, ಬಾಗಿಲು ತಟ್ಟುವ ಮೊದಲು ಬೀದಿಯ ಚೌಕವನ್ನು ಒಂದೆರಡು ಸಾರಿ ಸುತ್ತಿದನು. ಅರುವತ್ತು ವರುಷದ ಆ ಹಿರಿಯನು ಪೂರ್ವದಲ್ಲಿ ಗುಲಾಮರನ್ನು ಸಾಗಿಸುವ ಹಡಗಿನ ನಾಯಕನಾಗಿದ್ದು, ಕೃಪೆಯಿಂದ ಮಾರ್ಪಟ್ಟವನು. ಆತನು ಯೌವನಸ್ಥನನ್ನು ತನ್ನ ಪಕ್ಷಕ್ಕೆ ಎಳೆದುಕೊಳ್ಳದೆ, ಹಳೆಯ ಸ್ನೇಹಿತರನ್ನು ಅವಸರದಿಂದ ತೊರೆಯಬಾರದೆಂದೂ ಇದ್ದ ಸ್ಥಾನದಲ್ಲಿಯೇ ದೇವರನ್ನು ಸೇವಿಸಬೇಕೆಂದೂ ಬುದ್ಧಿ ಹೇಳಿದನು.

ಸ್ನೇಹಿತನೂ ಹಿರಿಯನೂ ತೋರಿಸಿದ ಸ್ಥಳವು ಒಂದೇ. ಅಲ್ಲಿ ಯಾರಿಗಾಗಿ ನಿಲ್ಲಬೇಕೆಂಬುದನ್ನು ಹಿರಿಯನು ತೋರಿಸಿದನು. ವಿಲ್ಬರ್‌ಫೋರ್ಸನು ಅಲ್ಲಿಯೇ ನಿಂತು 1787ರಿಂದ ಹೋರಾಡಲು, 1807ರಲ್ಲಿ ಬ್ರಿಟಿಷರ ಗುಲಾಮವ್ಯಾಪಾರವು ನಿಷೇಧಿಸಲ್ಪಟ್ಟಿತು. ಅದೇ ವರುಷದ ಕೊನೆಯಲ್ಲಿ ನ್ಯೂಟನನು ಕರ್ತನಲ್ಲಿ ನಿದ್ರೆಹೋದನು.

ಪ್ರಿಯರೇ, ನಮಗೂ ಆಲೋಚನೆ ಹೇಳುವವರು ಬಹುಮಂದಿ. ನಮ್ಮನ್ನು ತಮ್ಮ ಕಡೆಗೆ ಎಳೆಯದೆ, ದೇವರು ಒಪ್ಪಿಸಿದ ಕೆಲಸಕ್ಕೆ ನಮ್ಮನ್ನು ಹಿಂದಿರುಗಿಸುವವರ ಮಾತನ್ನು ನಾವು ಆರಿಸಿಕೊಳ್ಳೋಣ. ಅಂಥವರ ಬಾಗಿಲನ್ನು ತಟ್ಟಲು ನಾಚದಿರೋಣ.