ಅರ್ಧಕ್ಕೆ ನಿಂತ ಓದು

ಲಂಡನ್ನಿನ ಚಾಕ್ ಫಾರ್ಮ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಕಿಂಗ್ ಹೆನ್ರೀಸ್ ರೋಡ್ ಸಿಗುತ್ತದೆ. ಅಲ್ಲಿನ 10ನೇ ನಂಬರಿನ ಮನೆಯಲ್ಲಿ 1921-22ರಲ್ಲಿ ಭಾರತದ ಒಬ್ಬ ವಿದ್ಯಾರ್ಥಿ ವಾಸವಿದ್ದರು. ಅವರೇ ಡಾ. ಬಿ. ಆರ್. ಅಂಬೇಡ್ಕರ್. ಆ ಮನೆ ಈಗ ಸ್ಮಾರಕ. ಊರಿನ ಸರ್ಕಲ್ಲಿನಲ್ಲಿ ನೀಲಿ ಕೋಟಿನ ಪ್ರತಿಮೆ ನೋಡಿ, ಪರೀಕ್ಷೆಗೆ ಐದು ಅಂಕದ ಟಿಪ್ಪಣಿ ಓದಿ ಬೆಳೆದವರು ನಾವು. ಅವರೂ ನಮ್ಮ ಹಾಗೆ ಫೀಸು, ಬಾಡಿಗೆ, ಥೀಸಿಸ್ಸು ಅಂತ ಪರದೇಶದಲ್ಲಿ ಒದ್ದಾಡಿದ ವಿದ್ಯಾರ್ಥಿ ಅನ್ನೋದು ಇಲ್ಲಿಗೆ ಬಂದ ಮೇಲೇ ನಮಗೆ ಹೊಳೆದದ್ದು.

1891ರ ಏಪ್ರಿಲ್ 14ರಂದು ಮಹೂವಿನಲ್ಲಿ ಹುಟ್ಟಿದ ಭೀಮರಾವ್ ಅವರ ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಸಮುದಾಯ ಅವರದು. ಸಾತಾರದ ಶಾಲೆಯಲ್ಲಿ ಹುಡುಗ ಕೂರಲು ಮನೆಯಿಂದಲೇ ಗೋಣಿತಟ್ಟು ತರಬೇಕಿತ್ತು. ನೀರಿನ ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆಯೇ ಗತಿ.

ಬಾಂಬೆಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಅವರಿಗೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕ್‌ವಾಡರ ಸ್ಕಾಲರ್‌ಶಿಪ್ ಸಿಕ್ಕಿತು. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1915ರಲ್ಲಿ ಎಂ.ಎ. ಆಯಿತು. ಮರುವರ್ಷ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಂದರು, ಜೊತೆಗೆ ಗ್ರೇಸ್ ಇನ್‌ನಲ್ಲಿ ಕಾನೂನು. ಅಷ್ಟರಲ್ಲಿ ಸ್ಕಾಲರ್‌ಶಿಪ್ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಹೊರಡಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಮುಗಿಸಬಹುದು ಎಂಬ ಅನುಮತಿಯೊಂದೇ ಕೈಯಲ್ಲಿದ್ದದ್ದು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧದ ದಾಳಿಯಲ್ಲಿ ಸಮುದ್ರದ ಪಾಲಾದವು.

ಒಪ್ಪಂದದ ಪ್ರಕಾರ ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ದೊಡ್ಡ ಹುದ್ದೆ, ದೊಡ್ಡ ಡಿಗ್ರಿ. ಆದ್ರೆ ಇರೋಕೆ ಒಂದು ರೂಮು ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಕೆಲವೇ ದಿನಗಳಲ್ಲಿ ಜಾತಿ ಗೊತ್ತಾಗಿ, ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಊರಲ್ಲಿ ಯಾರೂ ಜಾಗ ಕೊಡದೆ ಬಾಂಬೆಗೆ ಮರಳಿದರು.

ಇಲ್ಲಿಗೇ ಎಲ್ಲ ಮುಗಿಯಬಹುದಿತ್ತು. ಆದರೆ ಅವರ ತಲೆಯಲ್ಲಿ ಆ ನಾಲ್ಕು ವರ್ಷದ ಗಡುವು ಇತ್ತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ಗೆಳೆಯ ನವಲ್ ಭಠೇನಾ ಸಾಲ ಕೊಟ್ಟರು. 1920ರಲ್ಲಿ, ಗಡುವು ಮುಗಿಯುವ ಮೊದಲೇ, ಲಂಡನ್ನಿಗೆ ವಾಪಸ್! ಬಾಂಬೆಯಲ್ಲಿ ಪತ್ನಿ ರಮಾಬಾಯಿ ಬಡತನದಲ್ಲೇ ಸಂಸಾರ ತೂಗಿಸಿದರು. ಆ ಡಿಗ್ರಿಗಳ ಬೆಲೆಯನ್ನು ಅವರೂ ತೆತ್ತಿದ್ದಾರೆ ಅನ್ನೋದನ್ನ ನಾವು ಮರೀಬಾರದು.

1921ರಲ್ಲಿ ಎಂ.ಎಸ್ಸಿ. ಆಯಿತು. ರೂಪಾಯಿಯ ಸಮಸ್ಯೆ ಕುರಿತ ಡಿ.ಎಸ್ಸಿ. ಪ್ರಬಂಧವನ್ನು ಪರೀಕ್ಷಕರು ಮೊದಲ ಸಲ ಒಪ್ಪಲಿಲ್ಲ. ತಿದ್ದಿ ಕೊಡಲು ಹೇಳಿದರು. ಅಷ್ಟರಲ್ಲಿ ದುಡ್ಡು ಖಾಲಿ. ಊರಿಗೆ ಮರಳಿ, ಬಾಂಬೆಯಿಂದಲೇ ತಿದ್ದಿದ ಪ್ರತಿ ಕಳಿಸಿದರು. 1923ರ ಕೊನೆಗೆ ಅದು ಅಂಗೀಕಾರವಾಯಿತು. ಸೂಪರ್‌ವೈಸರ್ ಒಂದು ಚಾಪ್ಟರ್ ವಾಪಸ್ ಕಳಿಸಿದ್ರೆ ವಾರಗಟ್ಟಲೆ ಮುಖ ಸಪ್ಪೆ ಮಾಡ್ಕೊಂಡು ಕೂರುವ ನಮಗೆ ಇದು ದೊಡ್ಡ ಪಾಠ.

ಮುಂದಿನದು ಎಲ್ಲರಿಗೂ ಗೊತ್ತು. 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ ಸತ್ಯಾಗ್ರಹ, 1947ರಲ್ಲಿ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷ ಸ್ಥಾನ. ಹಿಂದೂ ಕೋಡ್ ಬಿಲ್ ನನೆಗುದಿಗೆ ಬಿದ್ದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1956ರ ಡಿಸೆಂಬರ್ 6ರಂದು ತೀರಿಕೊಂಡರು. ನಲ್ಲಿ ಮುಟ್ಟಲು ಬಿಡದ ಶಾಲೆಯ ಹುಡುಗ, ನೀರಿನ ಹಕ್ಕಿಗಾಗಿ ಸಾವಿರಾರು ಜನರನ್ನು ಕೆರೆಗೆ ಕರೆದೊಯ್ದದ್ದು ಆಕಸ್ಮಿಕವೇನಲ್ಲ. ಓದಿದ್ದು ತಮ್ಮೊಬ್ಬರ ಸಲುವಾಗಿ ಆಗಿದ್ದರೆ ಅವರು ಲಂಡನ್ನಿನಲ್ಲೇ ಆರಾಮಾಗಿ ಇದ್ದುಬಿಡಬಹುದಿತ್ತು.

ಅವರ ಕಷ್ಟಕ್ಕೆ ನಮ್ಮ ಕಷ್ಟ ಹೋಲಿಸಿಕೊಳ್ಳುವುದು ತಪ್ಪು. ಲೋನು, ವೀಸಾ, ಚಳಿ ಎಲ್ಲ ನಮಗೂ ಇದೆ, ನಿಜ. ಆದರೆ ಅವರ ದಾರಿಗೆ ಅಡ್ಡ ನಿಂತದ್ದು ಮನುಷ್ಯರೇ. ನಮ್ಮ ನಮ್ಮಲ್ಲೇ ನೋಡಿಕೊಳ್ಳೋಣ: ಹೊಸದಾಗಿ ಬಂದವರ ಹೆಸರು ಕೇಳ್ತೀವಿ, ಊರು ಕೇಳ್ತೀವಿ, ಆಮೇಲೆ ಮೆಲ್ಲಗೆ ಯಾವ ಪೈಕಿ ಅನ್ನೋ ಕಡೆಗೆ ಮಾತು ಹೊರಳುತ್ತೆ. ಸಾವಿರಾರು ಮೈಲಿ ದಾಟಿ ಬಂದರೂ ಆ ಪ್ರಶ್ನೆಯನ್ನ ಲಗೇಜಿನಲ್ಲಿ ಹೊತ್ತು ತಂದಿದ್ದೀವಿ.

ಛಲ ಅಂದ್ರೆ ಬಿಟ್ಟುಬಂದ ಕೆಲಸಕ್ಕೆ ಮರಳಿ ಹೋಗಿ ಮುಗಿಸೋದು. ಗುಣ ಅಂದ್ರೆ ಮುಗಿಸಿದ ಮೇಲೆ ಹಿಂದೆ ಉಳಿದವರನ್ನ ಮರೆಯದೆ ಇರೋದು. ಈ ಸೆಪ್ಟೆಂಬರಿನಲ್ಲಿ ಹೊಸ ಬ್ಯಾಚ್ ಬಂದಾಗ ಆ ಹಳೇ ಪ್ರಶ್ನೆ ಬಿಟ್ಟು, ಇರೋಕೆ ರೂಮು ಸಿಕ್ತಾ ಅಂತ ಮೊದಲು ಕೇಳೋಣ.