ಸರ್ ಸ್ಟೀಫನ್ ಟ್ಯಾಲೆಂಟ್ಸ್ (1884–1958): ಸರ್ಕಾರಿ ಮಾಹಿತಿ ಕಾರ್ಯಕ್ಕೆ ಯೋಜನೆಯ ರೂಪ ನೀಡಿದ ಅಧಿಕಾರಿ

ಪೀಠಿಕೆ

ಸರ್ಕಾರವು ಒಂದು ಸೇವೆಗೆ ನಿಯಮ ರೂಪಿಸಿ, ಅನುದಾನ ಒದಗಿಸಿ, ಕಚೇರಿ ತೆರೆದಿದ್ದರೂ, ಅದನ್ನು ಎಲ್ಲಿ, ಯಾವಾಗ, ಎಷ್ಟು ಶುಲ್ಕಕ್ಕೆ ಮತ್ತು ಹೇಗೆ ಪಡೆಯಬೇಕೆಂಬುದು ತಿಳಿಯದ ನಾಗರಿಕರ ಪಾಲಿಗೆ ಆ ಸೇವೆ ಇದ್ದೂ ಇಲ್ಲದಂತೆಯೇ ಸರಿ. ಇಂದು ಈ ಮಾತು ಸಹಜವಾಗಿ ತೋರುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸರ್ಕಾರಿ ಕಚೇರಿಗಳಲ್ಲಿ ಪ್ರಚಾರವೆಂದರೆ ವ್ಯಾಪಾರಿಗಳ ಕೆಲಸ, ಅಧಿಕಾರಿಗಳಿಗೆ ತಕ್ಕುದಲ್ಲ ಎಂಬ ಭಾವನೆ ಬಲವಾಗಿತ್ತು. ಜನರಿಗೆ ತಿಳಿಸುವ ಕೆಲಸವೂ ಇಲಾಖೆಯ ಕರ್ತವ್ಯದ ಭಾಗವೆಂದೂ, ಅದನ್ನು ಸೇವೆಯಷ್ಟೇ ಎಚ್ಚರಿಕೆಯಿಂದ ಯೋಜಿಸಬೇಕೆಂದೂ ಕಾರ್ಯರೂಪದಲ್ಲಿ ತೋರಿಸಿದವರಲ್ಲಿ ಸರ್ ಸ್ಟೀಫನ್ ಟ್ಯಾಲೆಂಟ್ಸ್ ಪ್ರಮುಖರು. ಅವರ ಜೀವನ ಮತ್ತು ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸೇವೆಯ ಆರಂಭ

ಟ್ಯಾಲೆಂಟ್ಸ್ ಅವರು 1884ರ ಅಕ್ಟೋಬರ್ 20ರಂದು ಜನಿಸಿದರು. ಹ್ಯಾರೋ ಶಾಲೆಯಲ್ಲಿಯೂ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿ, 1909ರಲ್ಲಿ ವಾಣಿಜ್ಯ ಮಂಡಳಿಯ ಮೂಲಕ ಸರ್ಕಾರಿ ಸೇವೆಗೆ ಸೇರಿದರು. ಅದೇ ವರ್ಷ ಬ್ರಿಟನ್ನಿನ ಸಂಸತ್ತು ಉದ್ಯೋಗ ವಿನಿಮಯ ಕೇಂದ್ರಗಳನ್ನು ಸ್ಥಾಪಿಸುವ ಕಾನೂನನ್ನು ಅಂಗೀಕರಿಸಿತ್ತು. 1910ರ ಫೆಬ್ರವರಿ 1ರಂದು ಈ ಕೇಂದ್ರಗಳು ಮೊದಲ ಬಾರಿಗೆ ಬಾಗಿಲು ತೆರೆದವು. ಈ ವ್ಯವಸ್ಥೆಯ ನಿರ್ದೇಶಕರಾಗಿದ್ದ ವಿಲಿಯಂ ಬೆವರಿಜ್ ಅವರ ಕೈಕೆಳಗೆ ಟ್ಯಾಲೆಂಟ್ಸ್ ಕೆಲಸ ಕಲಿತರು.

ಈ ಕೇಂದ್ರಗಳ ಕಾರ್ಯವಿಧಾನ ಸರಳವಾಗಿತ್ತು. ಕೆಲಸ ಬೇಕಾದವರು ಹೆಸರು ನೋಂದಾಯಿಸಬೇಕು, ಕೆಲಸಗಾರರು ಬೇಕಾದ ಮಾಲೀಕರು ತಮ್ಮ ಅಗತ್ಯವನ್ನು ತಿಳಿಸಬೇಕು. ಇಬ್ಬರಲ್ಲಿ ಯಾರೊಬ್ಬರಿಗೆ ಕೇಂದ್ರದ ವಿಷಯ ತಿಳಿಯದಿದ್ದರೂ ಕೇಂದ್ರದ ಉದ್ದೇಶ ನೆರವೇರುವುದಿಲ್ಲ. ಮಾಹಿತಿಯೇ ಇಂತಹ ಸೇವೆಯ ತಳಹದಿ. ಮುಂದಿನ ಹುದ್ದೆಗಳಲ್ಲಿಯೂ ಟ್ಯಾಲೆಂಟ್ಸ್ ಅವರ ಕೆಲಸ ಇದೇ ತಳಹದಿಯ ಮೇಲೆ ನಿಂತಿತು.

ಯುದ್ಧಕಾಲದ ಪಡಿತರ ವ್ಯವಸ್ಥೆ

ಮೊದಲನೆಯ ಮಹಾಯುದ್ಧದಲ್ಲಿ ಐರಿಷ್ ಗಾರ್ಡ್ಸ್ ಪಡೆಯಲ್ಲಿ ಸೇವೆ ಸಲ್ಲಿಸಿದ ಅವರು 1915ರಲ್ಲಿ ಫ್ರಾನ್ಸಿನ ಫೆಸ್ಟುಬೆರ್ ಕದನದಲ್ಲಿ ಗಾಯಗೊಂಡರು. ಅನಂತರ ಮದ್ದುಗುಂಡು ಸಚಿವಾಲಯದಲ್ಲಿಯೂ ಆಹಾರ ಸಚಿವಾಲಯದಲ್ಲಿಯೂ ಕಾರ್ಯನಿರ್ವಹಿಸಿ, 1918ರ ಪಡಿತರ ಯೋಜನೆಯನ್ನು ರೂಪಿಸಿದ ಅಧಿಕಾರಿಗಳಲ್ಲಿ ಒಬ್ಬರಾದರು.

1918ರ ಫೆಬ್ರವರಿ 25ರಂದು ಲಂಡನ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಮಾಂಸ ಹಾಗೂ ಬೆಣ್ಣೆಯ ಪಡಿತರ ಜಾರಿಗೆ ಬಂದಿತು. ಪ್ರತಿಯೊಬ್ಬರೂ ತಾವು ಆರಿಸಿಕೊಂಡ ಅಂಗಡಿಯಲ್ಲಿ ಹೆಸರು ನೋಂದಾಯಿಸಬೇಕಿತ್ತು. ಅಂಗಡಿಗೆ ನೋಂದಣಿಯ ಸಂಖ್ಯೆಗೆ ಅನುಗುಣವಾಗಿ ಸರಕು ಹಂಚಿಕೆಯಾಗುತ್ತಿತ್ತು. ಗೃಹಿಣಿಯರು ಅರ್ಜಿಯನ್ನು ಸರಿಯಾಗಿ ಭರ್ತಿ ಮಾಡಿದರಷ್ಟೇ ಲೆಕ್ಕ ಸರಿಹೋಗುತ್ತಿದ್ದುದರಿಂದ, ಸೂಚನೆಗಳು ಸುಲಭವಾಗಿ ಅರ್ಥವಾಗುವಂತಿರಬೇಕಾದುದು ಆಡಳಿತಕ್ಕೂ ಅನಿವಾರ್ಯವಾಗಿತ್ತು. ಆಹಾರದಂಗಡಿಗಳ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದ ಉದ್ದನೆಯ ಸಾಲುಗಳು ಈ ವ್ಯವಸ್ಥೆಯಿಂದ ಕರಗಿದವು.

ಬಾಲ್ಟಿಕ್ ಪ್ರದೇಶದಲ್ಲಿ ಮತ್ತು ಐರ್ಲೆಂಡಿನಲ್ಲಿ

ಯುದ್ಧಾನಂತರ, 1919–20ರಲ್ಲಿ, ಅವರು ಬಾಲ್ಟಿಕ್ ಪ್ರದೇಶದಲ್ಲಿ ಬ್ರಿಟಿಷ್ ಆಯುಕ್ತರಾಗಿದ್ದರು. ಎಸ್ಟೋನಿಯಾ ಮತ್ತು ಲಾಟ್ವಿಯಾ ದೇಶಗಳೆರಡೂ ಒಂದೇ ಪಟ್ಟಣವನ್ನು ತಮ್ಮದೆಂದು ಹೇಳುತ್ತಿದ್ದವು. ಮಾತುಕತೆ ಫಲಿಸದಿದ್ದಾಗ, ಗಡಿ ಆಯೋಗದ ಅಧ್ಯಕ್ಷರಾಗಿದ್ದ ಟ್ಯಾಲೆಂಟ್ಸ್ 1920ರ ಜುಲೈನಲ್ಲಿ ಪಟ್ಟಣದ ನಡುವೆಯೇ ಗಡಿರೇಖೆ ಎಳೆದರು. ಆ ಪಟ್ಟಣ ಇಂದಿಗೂ ಒಂದು ಬದಿಯಲ್ಲಿ ವಾಲ್ಗಾ, ಇನ್ನೊಂದು ಬದಿಯಲ್ಲಿ ವಾಲ್ಕಾ ಎಂಬ ಎರಡು ಹೆಸರುಗಳಿಂದ ಗುರುತಿಸಲ್ಪಡುತ್ತದೆ. ಅನಂತರ ಐರ್ಲೆಂಡಿನಲ್ಲಿ ಬ್ರಿಟಿಷ್ ಪ್ರತಿನಿಧಿಯ ಆಪ್ತ ಕಾರ್ಯದರ್ಶಿಯಾಗಿಯೂ, 1922ರಿಂದ 1926ರವರೆಗೆ ಉತ್ತರ ಐರ್ಲೆಂಡಿನಲ್ಲಿ ಕಾರ್ಯದರ್ಶಿಯಾಗಿಯೂ ಸೇವೆ ಸಲ್ಲಿಸಿದರು.

ಎಂಪೈರ್ ಮಾರ್ಕೆಟಿಂಗ್ ಬೋರ್ಡ್

1926ರಲ್ಲಿ ಬ್ರಿಟನ್ ಸರ್ಕಾರವು ಎಂಪೈರ್ ಮಾರ್ಕೆಟಿಂಗ್ ಬೋರ್ಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಟ್ಯಾಲೆಂಟ್ಸ್ ಅವರನ್ನು ಕಾರ್ಯದರ್ಶಿಯಾಗಿ ನೇಮಿಸಿತು. ಸಾಮ್ರಾಜ್ಯದ ದೇಶಗಳಿಂದ ಬರುವ ಆಹಾರ ಪದಾರ್ಥಗಳಿಗೆ ಸುಂಕದಲ್ಲಿ ರಿಯಾಯಿತಿ ಕೊಡುವುದಾಗಿ ನೀಡಿದ್ದ ಭರವಸೆಯನ್ನು ಪೂರೈಸಲು ಸರ್ಕಾರಕ್ಕೆ ಸಾಧ್ಯವಾಗಿರಲಿಲ್ಲ. ಅದರ ಬದಲಿಗೆ ವರ್ಷಕ್ಕೆ 10 ಲಕ್ಷ ಪೌಂಡ್‌ಗಳನ್ನು ಆ ಪದಾರ್ಥಗಳ ಮಾರಾಟವನ್ನು ಉತ್ತೇಜಿಸಲು ಮೀಸಲಿಡಲು ತೀರ್ಮಾನಿಸಲಾಯಿತು.

ಬೋರ್ಡ್ ಮೂರು ಬಗೆಯ ಕಾರ್ಯಗಳನ್ನು ಕೈಗೊಂಡಿತು. ಬೆಳೆ, ಸಂಗ್ರಹಣೆ ಮತ್ತು ಸಾಗಣೆಯ ಕುರಿತ ವೈಜ್ಞಾನಿಕ ಸಂಶೋಧನೆ ಮೊದಲನೆಯದು. ಮಾರುಕಟ್ಟೆಯ ಅಧ್ಯಯನ ಎರಡನೆಯದು. ಪ್ರಚಾರ ಮೂರನೆಯದು. ಸಂಸ್ಥೆಯ ಹೆಸರು ಪ್ರಚಾರದಿಂದಲೇ ಪ್ರಸಿದ್ಧವಾದರೂ ಹಣದ ದೊಡ್ಡ ಪಾಲು ಸಂಶೋಧನೆಗೆ ಸಂದಿತು. ಸರಕಿನ ಗುಣಮಟ್ಟ ಸುಧಾರಿಸಿದ ಬಳಿಕವೇ ಜಾಹೀರಾತಿಗೆ ಅರ್ಥ ಬರುತ್ತದೆಂಬ ತಿಳಿವಳಿಕೆ ಈ ಹಂಚಿಕೆಯಲ್ಲಿತ್ತು.

ಪ್ರಚಾರಕ್ಕೆ ಟ್ಯಾಲೆಂಟ್ಸ್ ತಜ್ಞರ ನೆರವು ಪಡೆದರು. ಲಂಡನ್ನಿನ ಸುರಂಗ ರೈಲ್ವೆಯ ಫ್ರಾಂಕ್ ಪಿಕ್ ಅವರು ಭಿತ್ತಿಪತ್ರ ಸಮಿತಿಯನ್ನು ನಡೆಸಿದರು. ಊರೂರುಗಳಲ್ಲಿ ಬೋರ್ಡಿಗಾಗಿಯೇ ಮರದ ಚೌಕಟ್ಟುಗಳನ್ನು ನಿಲ್ಲಿಸಿ, ಹೆಸರಾಂತ ಕಲಾವಿದರು ಬರೆದ ಚಿತ್ರಗಳನ್ನು ಕಾಲಕಾಲಕ್ಕೆ ಬದಲಾಯಿಸಲಾಗುತ್ತಿತ್ತು. ಜಾನ್ ಗ್ರಿಯರ್ಸನ್ ಎಂಬ ತರುಣನಿಗೆ ಚಲನಚಿತ್ರ ತಯಾರಿಸುವ ಅವಕಾಶವನ್ನು ಟ್ಯಾಲೆಂಟ್ಸ್ ಕಲ್ಪಿಸಿದರು. 1929ರಲ್ಲಿ ಹೆರಿಂಗ್ ಮೀನುಗಾರರ ಕುರಿತು ಗ್ರಿಯರ್ಸನ್ ತಯಾರಿಸಿದ ಚಿತ್ರದಿಂದ ಬ್ರಿಟಿಷ್ ಸಾಕ್ಷ್ಯಚಿತ್ರ ಪರಂಪರೆ ಆರಂಭವಾಯಿತೆಂದು ಪರಿಗಣಿಸಲಾಗಿದೆ.

ಈ ಕಾರ್ಯದ ಇನ್ನೊಂದು ಮುಖವನ್ನೂ ಗಮನಿಸಬೇಕು. ಭಾರತವೂ ಸೇರಿದಂತೆ ವಸಾಹತುಗಳ ಹೊಲ, ತೋಟ, ಬಂದರುಗಳನ್ನು ಈ ಭಿತ್ತಿಪತ್ರಗಳು ಸುಂದರವಾಗಿ ಚಿತ್ರಿಸಿದವು. ಅಲ್ಲಿ ದುಡಿಯುವವರ ಕೂಲಿಯೆಷ್ಟು, ಅವರ ಬೇಡಿಕೆಗಳೇನು ಎಂಬುದಕ್ಕೆ ಅವುಗಳಲ್ಲಿ ಸ್ಥಾನವಿರಲಿಲ್ಲ. 1930ರಲ್ಲಿ ಭಾರತದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯುತ್ತಿದ್ದಾಗಲೂ ಲಂಡನ್ನಿನ ಭಿತ್ತಿಪತ್ರಗಳಲ್ಲಿ ಸಾಮ್ರಾಜ್ಯವು ನೆಮ್ಮದಿಯ ಕುಟುಂಬದಂತೆಯೇ ಕಾಣುತ್ತಿತ್ತು. ಹೇಳಿದ್ದೆಲ್ಲ ಸುಳ್ಳಲ್ಲದಿದ್ದರೂ, ಹೇಳದೆ ಬಿಟ್ಟದ್ದರಿಂದ ಚಿತ್ರ ಅಪೂರ್ಣವಾಗಿತ್ತು.

1932ರ ಒಟ್ಟಾವಾ ಸಮ್ಮೇಳನದಲ್ಲಿ ಸುಂಕದ ರಿಯಾಯಿತಿಗೆ ಒಪ್ಪಿಗೆಯಾದ ಮೇಲೆ ಬೋರ್ಡಿನ ಅಗತ್ಯವನ್ನು ಪ್ರಶ್ನಿಸಲಾಯಿತು. ಮಿತವ್ಯಯದ ಒತ್ತಡವೂ ಇತ್ತು. 1933ರಲ್ಲಿ ಬೋರ್ಡನ್ನು ಮುಚ್ಚಲಾಯಿತು.

ಅಂಚೆ ಇಲಾಖೆಯ ಸಾರ್ವಜನಿಕ ಸಂಪರ್ಕಾಧಿಕಾರಿ

1932ರಲ್ಲಿ ಸರ್ ಪದವಿ ಪಡೆದ ಟ್ಯಾಲೆಂಟ್ಸ್, ಅದೇ ವರ್ಷ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ದೇಶವೊಂದು ತನ್ನ ಗುಣ, ಸಾಧನೆ ಮತ್ತು ಸಂಸ್ಥೆಗಳನ್ನು ಹೊರಜಗತ್ತಿಗೆ ಪರಿಚಯಿಸುವುದನ್ನು ಆಕಸ್ಮಿಕಕ್ಕೆ ಬಿಡದೆ ಯೋಜಿತವಾಗಿ ಕೈಗೊಳ್ಳಬೇಕೆಂಬುದು ಅದರ ತಿರುಳು. 1933ರಲ್ಲಿ ಅವರು ಬ್ರಿಟಿಷ್ ಅಂಚೆ ಇಲಾಖೆಯ ಮೊದಲ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ ನೇಮಕಗೊಂಡರು. ಮುಚ್ಚಿಹೋದ ಬೋರ್ಡಿನ ಚಲನಚಿತ್ರ ಘಟಕವನ್ನೂ ತಮ್ಮೊಡನೆ ತಂದು, ಅದು ಚದುರಿಹೋಗದಂತೆ ಉಳಿಸಿದರು.

ಅಂಚೆಯೊಂದಿಗೆ ತಂತಿ ಮತ್ತು ದೂರವಾಣಿಯೂ ಆಗ ಇದೇ ಇಲಾಖೆಗೆ ಸೇರಿದ್ದವು. ದೂರವಾಣಿಯೆಂದರೆ ಸಿರಿವಂತರ ಹಾಗೂ ವ್ಯಾಪಾರಸ್ಥರ ಸೌಕರ್ಯವೆಂದು ಸಾಮಾನ್ಯ ಕುಟುಂಬಗಳು ಭಾವಿಸಿದ್ದವು. ತಂತಿ ಬಂದಿತೆಂದರೆ ಮನೆಯವರಿಗೆ ಗಾಬರಿ, ಏಕೆಂದರೆ ಅದು ಹೆಚ್ಚಾಗಿ ಸಾವಿನ ಸುದ್ದಿಯನ್ನೇ ತರುತ್ತಿತ್ತು. ಇಂತಹ ಭಾವನೆಗಳು ಬರಿಯ ಪ್ರಕಟಣೆಯಿಂದ ಬದಲಾಗುವಂತಿರಲಿಲ್ಲ. ಆದ್ದರಿಂದ ಇಲಾಖೆಯು ಸೇವೆಯ ಸುಧಾರಣೆ ಮತ್ತು ಅದರ ತಿಳಿವಳಿಕೆಯನ್ನು ಜೊತೆಜೊತೆಯಾಗಿ ನಡೆಸಿತು. ಈ ಕಾಲದ ಮುಖ್ಯ ಕ್ರಮಗಳು ಹೀಗಿವೆ:

1. 1934ರ ಅಕ್ಟೋಬರ್ 1ರಿಂದ ರಾತ್ರಿ 7 ಗಂಟೆಯ ನಂತರದ 3 ನಿಮಿಷಗಳ ಟ್ರಂಕ್ ಕರೆಗೆ ಗರಿಷ್ಠ 1 ಶಿಲ್ಲಿಂಗ್ ದರವನ್ನು ನಿಗದಿಪಡಿಸಲಾಯಿತು. ನೆನಪಿಡಲು ಸುಲಭವಾದ ಒಂದೇ ದರವಾದ್ದರಿಂದ ಅದನ್ನು ಸಾರುವುದೂ ಸುಲಭವಾಯಿತು.

2. 1935ರಲ್ಲಿ 9 ಪದಗಳ ತಂತಿಯ ದರವನ್ನು 6 ಪೆನ್ಸ್‌ಗೆ ಇಳಿಸಲಾಯಿತು.

3. ಅದೇ ವರ್ಷದ ಜುಲೈನಲ್ಲಿ ಶುಭಾಶಯ ತಂತಿ ಸೇವೆ ಆರಂಭವಾಯಿತು. ಬಣ್ಣದ ಅಂಚಿನ ಸುಂದರ ಕಾಗದದಲ್ಲಿ ಮದುವೆ, ಹುಟ್ಟುಹಬ್ಬಗಳ ಹಾರೈಕೆ ಮನೆಬಾಗಿಲಿಗೆ ಬರತೊಡಗಿದ ಮೇಲೆ ತಂತಿಯ ಬಗೆಗಿದ್ದ ಅಂಜಿಕೆ ತಗ್ಗಿತು.

4. ಶಾಲಾ ಮಕ್ಕಳಿಗೆ ಅಂಚೆಯ ಕಾರ್ಯವಿಧಾನವನ್ನು ತಿಳಿಸುವ ಚಿತ್ರಪಟಗಳನ್ನು ಹೊರತರಲಾಯಿತು.

ಚಲನಚಿತ್ರ ಘಟಕವು ಅಂಚೆ ವಿಂಗಡಣೆ, ದೂರವಾಣಿ, ತಂತಿ ಮುಂತಾದ ಕೆಲಸಗಳಲ್ಲಿ ತೊಡಗಿದ ನೌಕರರನ್ನೇ ತೆರೆಯ ಮೇಲೆ ತಂದಿತು. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ರಾತ್ರಿಯಿಡೀ ಓಡುವ ಅಂಚೆ ರೈಲಿನ ಕುರಿತ ಪ್ರಸಿದ್ಧ ಚಿತ್ರ 1936ರಲ್ಲಿ ಬಿಡುಗಡೆಯಾಯಿತು. ಆ ವೇಳೆಗೆ ಟ್ಯಾಲೆಂಟ್ಸ್ ಇಲಾಖೆಯನ್ನು ಬಿಟ್ಟಿದ್ದರು. ಪೆಟ್ಟಿಗೆಗೆ ಹಾಕಿದ ಕಾಗದದ ಹಿಂದೆ ಎಷ್ಟು ಜನರ ನಿದ್ರೆಗೆಟ್ಟ ದುಡಿಮೆಯಿದೆ ಎಂಬುದನ್ನು ಆ ಚಿತ್ರದಿಂದ ಜನರು ಕಂಡರು.

ಬಿ.ಬಿ.ಸಿ. ಮತ್ತು ಶ್ರೋತೃ ಸಮೀಕ್ಷೆ

1935ರಲ್ಲಿ ಅವರು ಬಿ.ಬಿ.ಸಿ.ಯ ಸಾರ್ವಜನಿಕ ಸಂಪರ್ಕ ನಿಯಂತ್ರಕರಾದರು. ಕೇಳುಗರಿಗೆ ಏನು ಬೇಕೆಂದು ಕೇಳಿ ತಿಳಿಯುವುದು ಅನಗತ್ಯವೆಂಬ ಅಭಿಪ್ರಾಯ ಅಲ್ಲಿ ಹಲವರಲ್ಲಿತ್ತು. ಬರುವ ಪತ್ರಗಳನ್ನಷ್ಟೇ ನೋಡಿದರೆ ಪತ್ರ ಬರೆಯದವರ ಅಭಿಪ್ರಾಯ ತಿಳಿಯುವುದಿಲ್ಲವಾದ್ದರಿಂದ, ವ್ಯವಸ್ಥಿತ ಸಮೀಕ್ಷೆ ಬೇಕೆಂದು ಟ್ಯಾಲೆಂಟ್ಸ್ ಪಟ್ಟುಹಿಡಿದರು. 1936ರಲ್ಲಿ ಶ್ರೋತೃ ಸಂಶೋಧನಾ ವಿಭಾಗ ಆರಂಭವಾಗಿ, ರಾಬರ್ಟ್ ಸಿಲ್ವಿ ಅವರು ಅದರ ಹೊಣೆ ಹೊತ್ತರು. ಜನರಿಗೆ ತಿಳಿಸುವುದರೊಂದಿಗೆ ಜನರಿಂದ ತಿಳಿಯುವುದೂ ಸಂಪರ್ಕಾಧಿಕಾರಿಯ ಕೆಲಸವೆಂಬುದು ಇದರಿಂದ ಸ್ಥಾಪಿತವಾಯಿತು.

ವಾರ್ತಾ ಸಚಿವಾಲಯ: ಕೈತಪ್ಪಿದ ಹೊಣೆ

ಮತ್ತೊಂದು ಯುದ್ಧದ ಸೂಚನೆಗಳು ಕಂಡಾಗ ಬ್ರಿಟನ್ ಸರ್ಕಾರವು ಯುದ್ಧಕಾಲಕ್ಕೆ ಬೇಕಾದ ವಾರ್ತಾ ಸಚಿವಾಲಯದ ಯೋಜನೆಯನ್ನು ಗೋಪ್ಯವಾಗಿ ಸಿದ್ಧಪಡಿಸತೊಡಗಿತು. 1936ರಲ್ಲಿ ಟ್ಯಾಲೆಂಟ್ಸ್ ಅವರನ್ನು ಅದರ ನಿಯೋಜಿತ ಮಹಾನಿರ್ದೇಶಕರಾಗಿ ಆರಿಸಲಾಯಿತು. ಬಿ.ಬಿ.ಸಿ.ಯ ಕೆಲಸದೊಂದಿಗೆ ಈ ಹೊಣೆಯನ್ನೂ ಅವರು ನಿರ್ವಹಿಸಿದರು. 1938ರ ಸೆಪ್ಟೆಂಬರ್‌ನ ಮ್ಯೂನಿಕ್ ಬಿಕ್ಕಟ್ಟಿನ ಸಮಯದಲ್ಲಿ ಯೋಜನೆಯ ಪೂರ್ವಾಭ್ಯಾಸ ನಡೆದಾಗ ಅನೇಕ ಲೋಪಗಳು ಹೊರಬಿದ್ದವು. ವಿವಿಧ ಇಲಾಖೆಗಳು ತಮ್ಮ ಸುದ್ದಿಯ ಮೇಲಿನ ಅಧಿಕಾರವನ್ನು ಬಿಟ್ಟುಕೊಡಲು ಸಿದ್ಧವಿರಲಿಲ್ಲ. ಟ್ಯಾಲೆಂಟ್ಸ್ ಈ ತೊಡಕುಗಳನ್ನು ಲಿಖಿತವಾಗಿ ಎತ್ತಿ ತೋರಿಸಿದರು. ಕೆಲವೇ ತಿಂಗಳುಗಳಲ್ಲಿ ಅವರನ್ನು ಆ ಹೊಣೆಯಿಂದ ಬಿಡುಗಡೆ ಮಾಡಲಾಯಿತು.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾದಾಗ ಹೊಸ ಸಚಿವಾಲಯವು ಪತ್ರಿಕೆಗಳ ಟೀಕೆಗೂ ಜನರ ಪರಿಹಾಸ್ಯಕ್ಕೂ ಗುರಿಯಾಯಿತು. ಅದರ ಮೊದಲ ಭಿತ್ತಿಪತ್ರಗಳಲ್ಲೊಂದು, ಜನರ ಧೈರ್ಯವು ಸರ್ಕಾರಕ್ಕೆ ಗೆಲುವು ತರುತ್ತದೆಂಬ ಅರ್ಥ ಕೊಡುವಂತಿತ್ತು. ಕಷ್ಟ ಒಬ್ಬರದು, ಗೆಲುವು ಇನ್ನೊಬ್ಬರದೇ ಎಂದು ಜನರು ಕೇಳಿದರು. ಅದೇ ಸರಣಿಯಲ್ಲಿ, ಶಾಂತರಾಗಿದ್ದು ಕೆಲಸ ಮುಂದುವರಿಸಲು ಹೇಳುವ ಭಿತ್ತಿಪತ್ರದ ಸುಮಾರು 24.5 ಲಕ್ಷ ಪ್ರತಿಗಳು ಮುದ್ರಣಗೊಂಡರೂ ಬಹುಪಾಲು ಗೋಡೆಗೇರಲೇ ಇಲ್ಲ. ಓದುವವರ ಸ್ಥಾನದಲ್ಲಿ ನಿಂತು ನೋಡದೆ ಬರೆದ ಸೂಚನೆ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಈ ಸರಣಿ ಒಂದು ಉದಾಹರಣೆ.

ಕೊನೆಯ ವರ್ಷಗಳು

ಟ್ಯಾಲೆಂಟ್ಸ್ 1940ರಲ್ಲಿ ಬಿ.ಬಿ.ಸಿ.ಯ ಸಾಗರೋತ್ತರ ಸೇವೆಗಳ ನಿಯಂತ್ರಕರಾಗಿ, 1941ರಲ್ಲಿ ಆ ಸಂಸ್ಥೆಯನ್ನು ಬಿಟ್ಟರು. 1943ರಿಂದ 1946ರವರೆಗೆ ನಗರ ಮತ್ತು ಗ್ರಾಮಾಂತರ ಯೋಜನಾ ಸಚಿವಾಲಯದಲ್ಲಿ ಸೇವೆ ಸಲ್ಲಿಸಿದರು. ಕೆಂಟ್ ಪ್ರಾಂತ್ಯದ ಸಟನ್-ಅಟ್-ಹೋನ್‌ನಲ್ಲಿದ್ದ ತಮ್ಮ ಪುರಾತನ ಮನೆಯನ್ನು 1943ರಲ್ಲಿ ಸಾರ್ವಜನಿಕ ಸ್ವತ್ತನ್ನು ಸಂರಕ್ಷಿಸುವ ನ್ಯಾಷನಲ್ ಟ್ರಸ್ಟ್‌ಗೆ ದಾನ ಮಾಡಿದರು. 1948ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಸಂಪರ್ಕ ವೃತ್ತಿನಿರತರ ಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. 1958ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಅವರ ಹೆಸರಿನ ಪದಕವನ್ನು ಆ ಸಂಸ್ಥೆಯು ಸ್ಥಾಪಿಸಿದೆ.

ಉಪಸಂಹಾರ

ತಾವು ಯೋಜಿಸಿದ ಎರಡು ಸಂಸ್ಥೆಗಳಲ್ಲಿ ಒಂದು ಮುಚ್ಚಿಹೋದುದನ್ನೂ, ಇನ್ನೊಂದು ತಾವಿಲ್ಲದೆ ಎಡವಿದುದನ್ನೂ ಟ್ಯಾಲೆಂಟ್ಸ್ ತಮ್ಮ ಜೀವಿತಕಾಲದಲ್ಲಿಯೇ ಕಂಡರು. ಆದರೆ ಅವರ ಕಾರ್ಯವಿಧಾನ ಉಳಿಯಿತು. ಸೇವೆಯನ್ನು ಮೊದಲು ಸರಿಪಡಿಸುವುದು, ದರ ಮತ್ತು ನಿಯಮಗಳನ್ನು ನೆನಪಿನಲ್ಲಿ ಉಳಿಯುವಷ್ಟು ಸರಳಗೊಳಿಸುವುದು, ಅನಂತರ ಅದನ್ನು ಜನರ ಮನಮುಟ್ಟುವಂತೆ ತಿಳಿಸುವುದು, ಕೊನೆಗೆ ಅವರಿಗೆ ತಲುಪಿತೇ ಎಂದು ವಿಚಾರಿಸುವುದು, ಇದೇ ಆ ಕ್ರಮ. ಸಾಮ್ರಾಜ್ಯದ ಭಿತ್ತಿಪತ್ರಗಳು ಮುಚ್ಚಿಟ್ಟ ಸಂಗತಿಗಳನ್ನು ನೆನೆದರೆ, ಹೇಳುವುದು ಪೂರ್ಣವಾಗಿರಬೇಕೆಂಬ ನಿಯಮವನ್ನೂ ಇದಕ್ಕೆ ಸೇರಿಸಬೇಕಾಗುತ್ತದೆ.

ಭಾರತದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣವು, ನಾಗರಿಕರು ಅರ್ಜಿ ಸಲ್ಲಿಸುವವರೆಗೆ ಕಾಯದೆ, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಕಾರ್ಯ, ಕರ್ತವ್ಯ ಮತ್ತು ನಿಯಮಗಳನ್ನು ತಾವಾಗಿಯೇ ಪ್ರಕಟಿಸಬೇಕೆಂದು ವಿಧಿಸುತ್ತದೆ. ಕಾಲ, ದೇಶ ಬೇರೆಯಾದರೂ ಹಿಂದಿರುವ ಅಗತ್ಯ ಒಂದೇ. ದೂರದ ಊರಿನಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು, ಬೇಕಾದ ದಾಖಲೆ ಯಾವುದೆಂದು ಮೊದಲೇ ತಿಳಿಯದ ಕಾರಣಕ್ಕೆ ಬರಿಗೈಯಲ್ಲಿ ಹಿಂದಿರುಗುವಂತಾಗಬಾರದು.