ಡ್ರಿಲ್ ಮಾಸ್ತರ ಮುದ್ದಣ: ಸಂಕೋಚದ ಬೆಲೆ, ಮೌನದ ಫಲ

ತರಗತಿಯಲ್ಲಿ ಬಾಯಿಬಿಡದ ವಿದ್ಯಾರ್ಥಿಯನ್ನು ದಡ್ಡನೆಂದೂ, ಕಚೇರಿಯಲ್ಲಿ ಬಾಯಿಬಿಡದ ನೌಕರನನ್ನು ಕೈಲಾಗದವನೆಂದೂ ಎಣಿಸುವುದು ನಮ್ಮಲ್ಲಿ ಬೇರೂರಿದ ರೂಢಿ. ಅಂತರ್ಮುಖಿಗಳಾದವರು ದುಡಿಮೆಯ ನೆಲೆಯಲ್ಲಿ ಪಡುವ ಕಷ್ಟವೇನು, ಅವರಿಗಿರುವ ಬಲವೇನು ಎಂಬುದನ್ನು ಅರಿಯಲು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಹೊಸಗನ್ನಡದ ಮುಂಗೋಳಿಯೆಂದು ನಾವು ಓದುವ ಮುದ್ದಣನ ಬದುಕೇ ಸಾಕು.

ಮುದ್ದಣನ ನಿಜನಾಮ ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರ ಜನವರಿಯಲ್ಲಿ, ಕಾರ್ಕಳದ ಸಮೀಪದ ನಂದಳಿಕೆಯಲ್ಲಿ. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ನೋಡಲು ಮುದ್ದಾಗಿದ್ದ ಮಗುವನ್ನು ಮನೆಯವರು ಕರೆದ ಹೆಸರೇ ಮುಂದೆ ಕಾವ್ಯನಾಮವಾಯಿತು. ಊರ ಶಾಲೆ ಮುಗಿಸಿ ಉಡುಪಿಗೆ ಬಂದನಾದರೂ ಮನೆಯ ಬಡತನ ಓದನ್ನು ಬಹುದೂರ ಸಾಗಗೊಡಲಿಲ್ಲ. ಗಟ್ಟಿಮುಟ್ಟಾದ ಮೈಕಟ್ಟಿತ್ತು, ಅಂಗಸಾಧನೆಯಲ್ಲಿ ಆಸಕ್ತಿಯಿತ್ತು. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದು ಡ್ರಿಲ್ ಮಾಸ್ತರನಾದನು. ಉಡುಪಿಯಲ್ಲಿ, ನಡುವೆ ಕೆಲಕಾಲ ಕುಂದಾಪುರದಲ್ಲಿ, ಮತ್ತೆ ಉಡುಪಿಯ ಕ್ರಿಶ್ಚನ್ ಹೈಸ್ಕೂಲಿನಲ್ಲಿ ಅವನ ಸೇವೆ ನಡೆಯಿತು.

ಇಲ್ಲಿಯೇ ಅವನ ಬದುಕಿನ ಮೊದಲ ವೈಚಿತ್ರ್ಯವಿದೆ. ಡ್ರಿಲ್ ಮಾಸ್ತರನ ಕೆಲಸವೆಂದರೆ ಬಯಲಿನಲ್ಲಿ ನಿಂತು ಗಟ್ಟಿದನಿಯಲ್ಲಿ ಆಜ್ಞೆ ಕೊಡುವುದು. ಆ ಕೆಲಸದಲ್ಲಿದ್ದವನು ಸ್ವಭಾವದಿಂದ ಸಂಕೋಚದವನು. ಶಾಲೆಯ ಲೆಕ್ಕದಲ್ಲಿ ಅವನು ವ್ಯಾಯಾಮ ಶಿಕ್ಷಕ ಮಾತ್ರ. ಸಂಬಳವೂ ಅಲ್ಪ, ಸ್ಥಾನವೂ ಅಲ್ಪ. ಹಳಗನ್ನಡ ಕಾವ್ಯಗಳನ್ನು ಅರೆದು ಕುಡಿದವನೊಬ್ಬನು ತಮ್ಮ ನಡುವೆ ಬಯಲಿನಲ್ಲಿ ನಿಂತಿದ್ದಾನೆಂಬುದು ಊರಿಗೆ ತಿಳಿದಿರಲಿಲ್ಲ. ತಿಳಿಯಗೊಡಲು ಅವನೂ ಮುಂದಾಗಲಿಲ್ಲ.

ಬಲ್ಲವರು ಕೆಲವರಿದ್ದರು. ಅವರಲ್ಲಿ ಮುಖ್ಯರು ವಿದ್ವಾಂಸರಾದ ಮಳಲಿ ಸುಬ್ಬರಾಯರು. ಅವರ ಒಡನಾಟದಲ್ಲಿ ಮುದ್ದಣನ ಹಳಗನ್ನಡದ ಅಭ್ಯಾಸ ಬೆಳೆಯಿತು. ಅಂತರ್ಮುಖಿಗೆ ಹತ್ತು ಜನರ ಮೆಚ್ಚುಗೆಗಿಂತ ತನ್ನನ್ನರಿತ ಒಬ್ಬ ಹಿರಿಯನ ಸ್ನೇಹ ಹೆಚ್ಚಿನದೆಂಬುದಕ್ಕೆ ಇದು ಸಾಕ್ಷಿ. ಯಕ್ಷಗಾನದ ನಾಡಿನಲ್ಲಿ ಹುಟ್ಟಿ ಬೆಳೆದ ಅವನು 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಪ್ರಸಂಗಗಳನ್ನು ರಚಿಸಿದನು. ಅನಂತರ ಬಂದವು 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ' ಮತ್ತು 'ರಾಮಾಶ್ವಮೇಧ'.

ಈ ಮೂರು ಕೃತಿಗಳು ಅಚ್ಚಾದುದು ಮೈಸೂರಿನಿಂದ ಹೊರಡುತ್ತಿದ್ದ 'ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಮಾಲೆಗಳಲ್ಲಿ. ಪ್ರಾಚೀನ ಕಾವ್ಯಗಳನ್ನು ಬೆಳಕಿಗೆ ತರುವುದೇ ಅವುಗಳ ಉದ್ದೇಶ. ಮುದ್ದಣನು ತನ್ನ ಬರವಣಿಗೆಯನ್ನು ತನ್ನದೆನ್ನದೆ, ಯಾವುದೋ ಹಳೆಯ ಕೃತಿ ಕೈಗೆ ಸಿಕ್ಕಿತೆಂಬಂತೆ ಅಂಚೆಯಲ್ಲಿ ಕಳುಹಿಸಿದನು. 'ಶ್ರೀರಾಮ ಪಟ್ಟಾಭಿಷೇಕ'ಕ್ಕೆ ತಾಯಿಯ ಹೆಸರನ್ನೇ ಇಟ್ಟನು. ಉಡುಪಿ ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಮ್ಮ ಮಾನಂದವಾಡಿಯೂ ಅದೇ ಆಧಿಪತ್ಯದ ಮಲಬಾರು ಜಿಲ್ಲೆಗೆ ಸೇರಿತ್ತು. ಮೈಸೂರು ಬೇರೆ ರಾಜ್ಯ. ಘಟ್ಟದಾಚೆಯ ಸಂಪಾದಕರು ಬಂದ ಕೃತಿಗಳನ್ನು ಹಳೆಯವೆಂದೇ ನಂಬಿ ಅಚ್ಚಿಸಿದರು. ಪಂಡಿತರ ಕಣ್ಣಿಗೂ ಹಳೆಯದೆನಿಸುವಂತೆ ಬರೆಯಬಲ್ಲ ಭಾಷಾಪ್ರಭುತ್ವ ಅವನದಾಗಿತ್ತು.

ಹೆಸರು ಮರೆಸಿದುದೇಕೆ? ಸ್ವಭಾವದ ಸಂಕೋಚ ಒಂದು ಕಾರಣ. ಪದವಿಯಿಲ್ಲದ ಡ್ರಿಲ್ ಮಾಸ್ತರನ ಕಾವ್ಯವನ್ನು ಪಂಡಿತಲೋಕ ತೆರೆದು ನೋಡೀತೆ ಎಂಬ ಅಳುಕು ಇನ್ನೊಂದಾಗಿರಬೇಕು. ಮೊದಲನೆಯದು ಅವನ ಗುಣ. ಎರಡನೆಯದು ಸಮಾಜದ ದೋಷ. ಇವೆರಡನ್ನೂ ಒಂದೇ ಎಂದು ಭಾವಿಸಿ, ಎಲ್ಲವನ್ನೂ ವ್ಯಕ್ತಿಯ ಸಂಕೋಚದ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು 'ರಾಮಾಶ್ವಮೇಧ'ದ ಮಾತು. ಹೊರಗೆ ಮಿತಭಾಷಿಯಾದವನು ಒಳಗೆ ಎಷ್ಟು ಮಾತನ್ನು ಕೂಡಿಟ್ಟಿದ್ದನೆಂಬುದು ಅಲ್ಲಿ ಕಾಣುತ್ತದೆ. ಮಳೆಗಾಲದ ಹೊತ್ತು, ಮುದ್ದಣನು ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಆಕೆ ಸುಮ್ಮನೆ ಕೇಳುವವಳಲ್ಲ. ಕಥೆ ಪದ್ಯದಲ್ಲಿ ಬೇಡ, ಗದ್ಯದಲ್ಲಿರಲೆನ್ನುತ್ತಾಳೆ, ಅರ್ಥವಾಗದ ಸಂಸ್ಕೃತವನ್ನು ಆಕ್ಷೇಪಿಸುತ್ತಾಳೆ, ನಡುನಡುವೆ ತಡೆದು ಹಾಸ್ಯ ಮಾಡುತ್ತಾಳೆ. ಕನ್ನಡದ ಅತಿ ಸರಸವಾದ ದಂಪತಿ ಸಂವಾದವನ್ನು ಬರೆದವನು ಸಭೆಯಲ್ಲಿ ಹೆಸರು ಹೇಳಿಕೊಳ್ಳಲಾರದವನು. ಕೇಳುವುದರಲ್ಲಿ ಪಳಗಿದ ಕಿವಿಯಿಲ್ಲದೆ ಇಂಥ ಸಂವಾದ ಹುಟ್ಟುವುದಿಲ್ಲ. ಆ ಕಿವಿ ಮೌನದ ಕೊಡುಗೆ.

ಆದರೆ ಆ ಮೌನಕ್ಕೆ ಅವನು ತೆತ್ತ ಬೆಲೆಯನ್ನು ಮರೆಯಬಾರದು. ಬಡತನವಿತ್ತು, ಕ್ಷಯ ತಗುಲಿತು. 1901ರ ಫೆಬ್ರವರಿಯಲ್ಲಿ, 31ರ ಹರೆಯದಲ್ಲಿ, ಪತ್ನಿ ಕಮಲೆಯನ್ನೂ ಪುಟ್ಟ ಮಗನನ್ನೂ ಬಿಟ್ಟು ಅವನು ತೀರಿಕೊಂಡನು. ಓದಿದವರು ಮೆಚ್ಚಿದ್ದು ಯಾರೋ ಹಳೆಯ ಕವಿಯನ್ನು. ಉಡುಪಿಯ ಮಾಸ್ತರನಿಗೆ ಆ ಮೆಚ್ಚುಗೆ ತಲುಪಲಿಲ್ಲ. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಎಂಬ ನಿಜ ನಾಡಿಗೆ ತಿಳಿದುದು ಬಹುವರ್ಷಗಳ ಮೇಲೆ. ಅದಕ್ಕೂ ಗುಟ್ಟು ಬಲ್ಲ ಮಳಲಿ ಸುಬ್ಬರಾಯರ ಮಾತೇ ಆಧಾರವಾಯಿತು. ಆ ಒಬ್ಬ ಸ್ನೇಹಿತ ಇರದಿದ್ದರೆ ಇಂದಿಗೂ ನಾವು ಕವಿಯ ಕಾಲದೇಶಗಳನ್ನು ಚರ್ಚಿಸುತ್ತಲೇ ಇರುತ್ತಿದ್ದೆವೇನೋ.

ಮರಾಠಿ, ಕನ್ನಡ ಎರಡೂ ನಡೆಯುತ್ತಿದ್ದ ಶಾಲೆಯಲ್ಲಿ ಕಲಿತವನು ನಾನು. ಯಾವ ಭಾಷೆಯಲ್ಲಿ ತಪ್ಪುವೆನೋ ಎಂಬ ಅಂಜಿಕೆಯಿಂದ ಬಹುಕಾಲ ಹಿಂದಿನ ಬೆಂಚಿನಲ್ಲಿ ಮೂಕನಂತೆ ಕುಳಿತಿದ್ದೆ. ಮಲಯಾಳದ ಊರಿನಲ್ಲಿ ಕನ್ನಡ ಓದುವ ನಿಮ್ಮಲ್ಲಿಯೂ ಅಂಥವರಿದ್ದಾರೆಂಬುದನ್ನು ಬಲ್ಲೆ. ನಿಮಗೆ ನನ್ನ ಮಾತು ಇಷ್ಟೇ: ಸ್ವಭಾವವನ್ನು ಬದಲಿಸಿಕೊಂಡು ವಾಚಾಳಿಗಳಾಗಬೇಕಿಲ್ಲ. ಬರೆದು ಹೇಳುವುದು, ಏಕಾಗ್ರತೆಯಿಂದ ದುಡಿಯುವುದು, ಗಮನವಿಟ್ಟು ಕೇಳುವುದು ನಿಮ್ಮ ಬಲ, ಅದನ್ನು ಬಿಡಬೇಡಿ. ಆದರೆ ಮಾಡಿದ ಕೆಲಸದ ಕೆಳಗೆ ನಿಮ್ಮ ಹೆಸರನ್ನು ನೀವೇ ಬರೆಯಿರಿ. ಮಾತುಗಾರರಾದ ಗೆಳೆಯರು ಪಕ್ಕದಲ್ಲಿ ಮೌನವಾಗಿ ಕುಳಿತವರನ್ನು ಒಮ್ಮೆ ವಿಚಾರಿಸಲಿ; ಸುಬ್ಬರಾಯರ ಪಾತ್ರ ಅವರದು. ಅಧ್ಯಾಪಕರಾದ ನಮ್ಮದೂ ಹೌದು.